ಬೆಳಿಗ್ಗೆ ಆರಕ್ಕೆ ಸೂರ್ಯನ ವರದಿ: ಮೈಸೂರಿನ ತಾರಸಿಯಿಂದ ಸೌರಜ್ವಾಲೆ ಓದುವ ಬಗೆ

2024ರ ಮೇ 10, ಶುಕ್ರವಾರ. ಬಸವ ಜಯಂತಿಯೂ ಅಕ್ಷಯ ತೃತೀಯವೂ ಒಂದೇ ದಿನ ಬಿದ್ದಿದ್ದವು. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟು ರೇಡಿಯೊ ಮುಂದೆ ಕೂತಿದ್ದೆ. 21 ಮೆಗಾಹರ್ಟ್ಸ್‌ನಲ್ಲಿ ಜಪಾನಿನವರು, ಇಂಡೊನೇಷ್ಯಾದವರು ಚೆನ್ನಾಗಿ ಸಿಗುತ್ತಿದ್ದರು. ಲ್ಯಾಪ್‌ಟಾಪ್ ಪರದೆಯ ಮೇಲೆ ಅವರ ಸಂಕೇತಗಳು ಹದಿನೈದು ಸೆಕೆಂಡಿಗೊಂದು ಸರದಿಯಂತೆ ಹಳದಿ ಗೆರೆಗಳಾಗಿ ಇಳಿದು ಬರುತ್ತಿದ್ದವು. ಹನ್ನೆರಡೂಕಾಲು ದಾಟುತ್ತಿದ್ದಂತೆ ಗೆರೆಗಳು ಮಸುಕಾದವು, ಆಮೇಲೆ ಇಲ್ಲವೇ ಇಲ್ಲ. ಯಾವಾಗಲೂ ಇರುವ ಸರ್ ಎನ್ನುವ ಸದ್ದೂ ತಗ್ಗಿಹೋಯಿತು. ಕೋಆಕ್ಸ್ ಕೇಬಲ್ ಕಿತ್ತುಬಂದಿದೆ ಅಂದುಕೊಂಡು ಆ ಉರಿಬಿಸಿಲಲ್ಲಿ ಬರಿಗಾಲಲ್ಲಿ ತಾರಸಿಗೆ ಓಡಿದೆ. ಕನೆಕ್ಟರ್ ಬಿಚ್ಚಿ, ಒರೆಸಿ, ಮತ್ತೆ ಬಿಗಿ ಮಾಡಿ ಬಂದೆ. ಏನೂ ಬದಲಾಗಲಿಲ್ಲ.

ಕೊನೆಗೆ ಅಮೆರಿಕದ ಗೋಸ್ ಹವಾಮಾನ ಉಪಗ್ರಹದ ಎಕ್ಸ್-ಕಿರಣ ನಕ್ಷೆ ತೆಗೆದರೆ ಉತ್ತರ ಅಲ್ಲೇ ಇತ್ತು. ನಮ್ಮ ಗಡಿಯಾರದ 12 ಗಂಟೆ 24 ನಿಮಿಷಕ್ಕೆ ಎಕ್ಸ್ 3.9 ದರ್ಜೆಯ ಸೌರಜ್ವಾಲೆ, ಅಂದರೆ ಸೂರ್ಯನ ಮೇಲೆ ಸಿಡಿದ ಸ್ಫೋಟ; ಎಕ್ಸ್ ಎಂದರೆ ಅತಿ ದೊಡ್ಡ ದರ್ಜೆ. ಕನೆಕ್ಟರ್ ಗಟ್ಟಿಯಾಗಿಯೇ ಇತ್ತು. ನೆತ್ತಿಯ ಮೇಲಿನ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ವಲಯ) ತಳಪದರವೇ ಶಾರ್ಟ್‌ವೇವ್ ಅಲೆಗಳನ್ನೆಲ್ಲ ನುಂಗಿ ಕೂತಿತ್ತು. ಅಷ್ಟರಲ್ಲಿ ಬೇಳೆ ತಳ ಹಿಡಿದಿತ್ತು.

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಹವ್ಯಾಸಿ ರೇಡಿಯೊ ಪರವಾನಗಿ ಇದೆ, ತೆಂಗಿನಮರಕ್ಕೂ ನೀರಿನ ಟ್ಯಾಂಕಿಗೂ ಕಟ್ಟಿದ ತಂತಿಯ ಆಂಟೆನಾ ಇದೆ. ಇಷ್ಟು ವರ್ಷ ಸೂರ್ಯನ ಬಗ್ಗೆ ಪಾಠ ಹೇಳಿದವಳಿಗೆ ಆ ಹೊತ್ತಿಗೆ ಸೂರ್ಯನ ನೆನಪೇ ಬರಲಿಲ್ಲವಲ್ಲ ಎಂಬ ನಾಚಿಕೆಯಿಂದ ದಿನಚರಿ ಬದಲಾಯಿಸಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರ ಬಗ್ಗೆ ಸಿಗುವ ಮಾರ್ಗದರ್ಶಿಗಳೆಲ್ಲ ಬಹುಪಾಲು ನಾರ್ವೆ, ಕೆನಡಾ ಕಡೆಯ ಧ್ರುವಪ್ರಭೆ ಬೇಟೆಗಾರರಿಗಾಗಿ ಬರೆದವು. ಮೊಬೈಲಿನ ಆ್ಯಪ್‌ಗಳೂ ಹಾಗೆಯೇ, ಭೂಕಾಂತದ ಏರುಪೇರು ಅಳೆಯುವ ಕೆಪಿ ಅಂಕಿ 5 ಆದ ಕೂಡಲೇ ಕಿರುಚುತ್ತವೆ. 12 ಡಿಗ್ರಿ ಅಕ್ಷಾಂಶದ ನಮಗೆ ಬೇಕಾದದ್ದನ್ನು ಅವು ಹೇಳುವುದಿಲ್ಲ.

ಮೂರು ಗಡಿಯಾರ

ಸೂರ್ಯನಿಂದ ನಮಗೆ ಬರುವುದು ಮೂರು ಬಗೆ, ಮೂರು ವೇಗ. ಇದೊಂದು ಕಲಸುಮೇಲೋಗರವಾಗದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಬೆಳಕು, ಅಂದರೆ ಜ್ವಾಲೆಯ ಎಕ್ಸ್-ಕಿರಣ. ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದುಬಿಡುತ್ತದೆ. ನಾವು ನೋಡುವ ಹೊತ್ತಿಗೆ ಏಟು ಬಿದ್ದಾಗಿರುತ್ತದೆ, ಮುನ್ನೆಚ್ಚರಿಕೆಗೆ ಜಾಗವೇ ಇಲ್ಲ. ಏಟು ಹಗಲಿನ ಭಾಗಕ್ಕೆ ಮಾತ್ರ. ಎರಡನೆಯದು ವೇಗದ ಪ್ರೋಟಾನುಗಳು. ಹತ್ತಾರು ನಿಮಿಷಗಳಿಂದ ಕೆಲವು ಗಂಟೆಗಳಲ್ಲಿ ಬಂದು ಧ್ರುವಗಳ ಕಡೆಗೆ ಇಳಿಯುತ್ತವೆ. ಧ್ರುವದ ಮೇಲೆ ಹಾರುವ ವಿಮಾನದವರಿಗೆ, ಉಪಗ್ರಹದವರಿಗೆ ಅದು ಮುಖ್ಯ, ಮೈಸೂರಿನಲ್ಲಿ ಕೂತವರಿಗೆ ಅಷ್ಟಿಲ್ಲ. ಮೂರನೆಯದು ಸಿಎಂಇ. ಸೂರ್ಯನ ಕರೋನಾದಿಂದ, ಅಂದರೆ ಹೊರ ವಾತಾವರಣದಿಂದ, ಕಿತ್ತು ಬರುವ, ಕಾಂತಕ್ಷೇತ್ರವನ್ನು ಹೊತ್ತುಕೊಂಡ ಪ್ಲಾಸ್ಮಾ ಮೋಡ. ತೀರ ಅವಸರದ್ದು 15–18 ಗಂಟೆಯಲ್ಲಿ ಮುಟ್ಟೀತು, ಸಾಮಾನ್ಯದ್ದಕ್ಕೆ ಎರಡರಿಂದ ನಾಲ್ಕು ದಿನ. ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸಿ ಭೂಕಾಂತೀಯ ಬಿರುಗಾಳಿ ಎಬ್ಬಿಸುವುದು ಇದು.

ಜ್ವಾಲೆ ದೊಡ್ಡದಾದರೆ ಬಿರುಗಾಳಿಯೂ ದೊಡ್ಡದು ಎಂದು ಲೆಕ್ಕ ಹಾಕಬೇಡಿ. 2024ರ ಅಕ್ಟೋಬರ್ 3, ದಸರಾ ಉದ್ಘಾಟನೆಯ ದಿನ, ಸಂಜೆ 5 ಗಂಟೆ 48 ನಿಮಿಷಕ್ಕೆ ಎಕ್ಸ್ 9.0 ಜ್ವಾಲೆ ಸಿಡಿಯಿತು. ಈಗಿನ ಸೌರಚಕ್ರದಲ್ಲಿ ಅಲ್ಲಿಯವರೆಗೆ ಅಷ್ಟು ದೊಡ್ಡದು ಬಂದಿರಲಿಲ್ಲ. ಆದರೆ ಆ ತಿಂಗಳ ದೊಡ್ಡ ಬಿರುಗಾಳಿ ತಂದದ್ದು ಅದಲ್ಲ, ಆರು ದಿನ ಬಿಟ್ಟು ಬಂದ ಎಕ್ಸ್ 1.8. ಅದರ ಕತೆ ಮುಂದೆ ಹೇಳುತ್ತೇನೆ.

ಬೆಳಗಿನ ಹತ್ತು ನಿಮಿಷ

ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಕೇಂದ್ರ ಕೊಲರಾಡೊದ ಬೋಲ್ಡರ್ ಊರಿನಲ್ಲಿದೆ. ಅವರ ಮೂರು ದಿನಗಳ ಮುನ್ಸೂಚನೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 00:30ಕ್ಕೆ ಮತ್ತು 12:30ಕ್ಕೆ ಹೊರಬರುತ್ತದೆ. ನಮ್ಮಲ್ಲಿ ಅದು ಬೆಳಿಗ್ಗೆ 6, ಸಂಜೆ 6. ಕಾಫಿಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಇಷ್ಟು ಅನುಕೂಲ ಅಮೆರಿಕದವರಿಗೇ ಇಲ್ಲ.

ಅದರಲ್ಲಿ ಮೂರು ಅಳತೆಕೋಲುಗಳಿವೆ. ಜ್ವಾಲೆಯಿಂದಾಗುವ ರೇಡಿಯೊ ಮೌನಕ್ಕೆ ಆರ್, ಪ್ರೋಟಾನಿಗೆ ಎಸ್, ಭೂಕಾಂತೀಯ ಬಿರುಗಾಳಿಗೆ ಜಿ. ಎಲ್ಲವೂ 1ರಿಂದ 5. ನಾನು ಮೊದಲು ನೋಡುವುದು ಆರ್ ಸಾಲಿನ ಶೇಕಡಾವಾರು. "ಆರ್1–ಆರ್2: ಶೇ 60, ಆರ್3: ಶೇ 15" ಎಂದಿದ್ದರೆ ಅವತ್ತು ಎಂ ದರ್ಜೆಯ, ಅಂದರೆ ಎಕ್ಸ್ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗಿನ ಜ್ವಾಲೆ ಬಂದರೆ ಆಶ್ಚರ್ಯಪಡಬೇಕಿಲ್ಲ, ಎಕ್ಸ್ ಬಂದರೆ ಪಡಬಹುದು ಎಂದರ್ಥ. ಜ್ವಾಲೆಯ ಮುನ್ಸೂಚನೆ ಇಷ್ಟೇ, ಸಂಭವನೀಯತೆ. ಇಂಥ ಗಂಟೆಗೆ ಸಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಂದ ಜಾತಕವನ್ನೂ ಬರೆಸಿಕೊಳ್ಳಬಹುದು.

ಆ ಶೇಕಡಾವಾರು ಬರುವುದು ಸೌರಕಲೆಗಳ, ಅಂದರೆ ಸೂರ್ಯಬಿಂಬದ ಮೇಲಿನ ಕಪ್ಪು ಮಚ್ಚೆಗಳ ರೂಪದಿಂದ. ನೀವೇ ನೋಡಿ ಅಂದಾಜು ಮಾಡಬಹುದು. ಎಸ್‌ಡಿಒ ಎಂಬ, ಸೂರ್ಯನನ್ನು ಸದಾ ಗಮನಿಸುವ ನಾಸಾ ಉಪಗ್ರಹದ ಕಾಂತನಕ್ಷೆ ತೆರೆಯಿರಿ, ಕಪ್ಪು ಬಿಳಿ ಮಚ್ಚೆಗಳು ಕಾಣುತ್ತವೆ. ಒಂದು ಬಣ್ಣ ಹೊರಮುಖದ ಧ್ರುವ, ಇನ್ನೊಂದು ಒಳಮುಖದ್ದು. ಕಪ್ಪು ಒಂದು ಕಡೆ ಬಿಳಿ ಒಂದು ಕಡೆ ಅಚ್ಚುಕಟ್ಟಾಗಿ ಬೇರೆಯಿದ್ದರೆ ಅದು ಬೀಟಾ, ಸಾಧು ಪ್ರಾಣಿ. ಎರಡೂ ಒಂದರೊಳಗೊಂದು ಕಲಸಿಕೊಂಡು, ಒಂದೇ ಕಲೆಯ ಮಾಸಲು ಅಂಚಿನೊಳಗೆ ವಿರುದ್ಧ ಧ್ರುವಗಳು ಒತ್ತೊತ್ತಾಗಿ ಕೂತಿದ್ದರೆ ಅದು ಬೀಟಾ-ಗಾಮಾ-ಡೆಲ್ಟಾ. ವರದಿಯಲ್ಲಿ ಡೆಲ್ಟಾ ಎಂಬ ಪದ ಕಂಡರೆ ನಾನು ಆ ವಾರ ಯಾರಿಗೂ "ಮಧ್ಯಾಹ್ನ ಇಷ್ಟು ಗಂಟೆಗೆ ಸಿಗ್ತೀನಿ" ಎಂದು ಮಾತು ಕೊಡುವುದಿಲ್ಲ. ಮೇ ತಿಂಗಳ ರಂಪಾಟ ಮಾಡಿದ 13664 ಎಂಬ ಕಲೆಗುಂಪು ಅಂಥದ್ದು. ಅಗಲ ಸುಮಾರು ಹದಿನೈದು ಭೂಮಿಯಷ್ಟು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಂಡಿದ್ದ ಗ್ರಹಣದ ಕನ್ನಡಕ ಬೀರುವಿನಲ್ಲಿತ್ತು. ಗೀರು, ತೂತು ಇಲ್ಲವೆಂದು ಪರೀಕ್ಷಿಸಿ ಹಾಕಿ ನೋಡಿದರೆ ದೂರದರ್ಶಕವಿಲ್ಲದೆ ಬರಿಗಣ್ಣಿಗೇ ಸಾಸಿವೆಯಂತೆ ಕಂಡಿತು. ಹಳೆಯ ಎಕ್ಸ್-ರೇ ಫಿಲ್ಮು, ಕೂಲಿಂಗ್ ಗ್ಲಾಸು ಇವೆಲ್ಲ ಬೇಡ, ಕಣ್ಣು ಹೋಗುತ್ತದೆ.

ಕಲೆ ಎಲ್ಲಿದೆ ಎಂಬುದನ್ನೂ ಗಮನಿಸಿ. ಸೂರ್ಯ ನಮಗೆ ಕಾಣುವಂತೆ ಸುಮಾರು 27 ದಿನಕ್ಕೊಂದು ಸುತ್ತು ತಿರುಗುತ್ತಾನೆ, ಕಲೆಗಳು ಎಡ ಅಂಚಿನಿಂದ ಬಲಕ್ಕೆ ಸಾಗುತ್ತವೆ. ಜ್ವಾಲೆಯ ಎಕ್ಸ್-ಕಿರಣ ನಮಗೆ ಕಾಣುವ ಬದಿಯ ಎಲ್ಲಿಂದ ಸಿಡಿದರೂ ನಮಗೆ ತಗಲುತ್ತದೆ. ಆದರೆ ಸಿಎಂಇ ನಮ್ಮತ್ತ ಬರಬೇಕಾದರೆ ಕಲೆ ನಡುಭಾಗದಲ್ಲೋ ಸ್ವಲ್ಪ ಬಲಕ್ಕೋ ಇದ್ದರೆ ಅವಕಾಶ ಹೆಚ್ಚು. ಅದೇ 13664 ಬಲ ಅಂಚಿಗೆ ಸರಿದ ಮೇಲೆ, ಮೇ 14ರಂದು, ಎಕ್ಸ್ 8.7 ಉಗುಳಿತು. ನಮ್ಮಲ್ಲಿ ರಾತ್ರಿ 10 ಗಂಟೆ 21 ನಿಮಿಷ. ನನ್ನ ರೇಡಿಯೊಗೆ ಗೊತ್ತೇ ಆಗಲಿಲ್ಲ.

ಎಕ್ಸ್-ಕಿರಣ ನಕ್ಷೆ

ಹಗಲೆಲ್ಲ ನನ್ನ ಮೇಜಿನ ಮೇಲೆ ತೆರೆದಿರುವ ಪುಟ ಇದು. ಎರಡು ಗೆರೆ ಇರುತ್ತವೆ, ದರ್ಜೆ ಓದುವುದು ಮೇಲಿನ ಗೆರೆಯಲ್ಲಿ. ಎ, ಬಿ, ಸಿ, ಎಂ, ಎಕ್ಸ್ ಎಂದು ಮೆಟ್ಟಿಲುಗಳಿವೆ; ಒಂದೊಂದು ಮೆಟ್ಟಿಲೂ ಹಿಂದಿನದರ ಹತ್ತು ಪಟ್ಟು. ಸಿ ಬಂದರೆ ಚಹಾ ಕುಡಿಯಿರಿ. ಎಂ1ಕ್ಕೆ ಆರ್1, ಎಂ5ಕ್ಕೆ ಆರ್2, ಎಕ್ಸ್1ಕ್ಕೆ ಆರ್3, ಎಕ್ಸ್10ಕ್ಕೆ ಆರ್4.

ಅಂಕಿಗಿಂತ ಆಕಾರ ಹೆಚ್ಚು ಹೇಳುತ್ತದೆ. ಸೂಜಿಯಂತೆ ಎದ್ದು ಹತ್ತು ನಿಮಿಷಕ್ಕೆ ಬಿದ್ದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಏರಿದ್ದು ಗಂಟೆಗಟ್ಟಲೆ ಇಳಿಯದೆ ನಿಧಾನಕ್ಕೆ ಜಾರುತ್ತಿದ್ದರೆ ಸಿಎಂಇ ಹೊರಟಿರುವ ಸಾಧ್ಯತೆ ಹೆಚ್ಚು. ಜೊತೆಗೆ "ಟೈಪ್ 2 ರೇಡಿಯೊ ಸ್ಫೋಟ" ಎಂಬ ಎಚ್ಚರಿಕೆಯೂ ಬಂದಿದ್ದರೆ ಆಘಾತ ಅಲೆಯೊಂದು ಕರೋನಾದೊಳಗೆ ನುಗ್ಗುತ್ತಿದೆ ಎಂದರ್ಥ. ಇಂಥ ರೇಡಿಯೊ ಸ್ಫೋಟಗಳನ್ನು ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಸಾಲುಸಾಲು ಆಂಟೆನಾಗಳಿಂದ ದಶಕಗಳಿಂದ ಹಿಡಿಯುತ್ತಿದ್ದಾರೆ. ನಮ್ಮಲ್ಲಿ ಆ ಕಡೆ ಹೋಗುವವರೆಲ್ಲ ವಿದುರಾಶ್ವತ್ಥ ನೋಡಿಕೊಂಡು ವಾಪಸು ಬರುತ್ತಾರೆ!

ಹಗಲಲ್ಲಿ ರೇಡಿಯೊ ಸತ್ತರೆ ಏನು ಮಾಡಬೇಕು? ಹವ್ಯಾಸಿಗಳಿಗೆ ನನ್ನ ಉತ್ತರ, ಮೇಲಿನ ಬ್ಯಾಂಡಿಗೆ ಏರಿ. ತಳಪದರ ಕಡಿಮೆ ಆವೃತ್ತಿಯನ್ನು ಹೆಚ್ಚು ಹೀರುತ್ತದೆ. 7 ಮೆಗಾಹರ್ಟ್ಸ್ ಮೊದಲು ಸಾಯುತ್ತದೆ, 28 ಕೊನೆಗೆ. ಬದುಕುವಾಗ ಉಲ್ಟಾ, 28 ಮೊದಲು ಎದ್ದು ಕೂರುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆ ಕಾದರೆ ಆಯಿತು. ಇದ್ದಕ್ಕಿದ್ದಂತೆ ಸದ್ದು *ಹೆಚ್ಚಾಗಿ* ಸಂಕೇತ ಮುಳುಗಿದರೆ ಮಾತ್ರ ಸೂರ್ಯನನ್ನು ಬೈಯಬೇಡಿ. ಅದು ಅಕ್ಕಪಕ್ಕದ ಯುಪಿಎಸ್ಸೋ ಎಲ್‌ಇಡಿ ಬಲ್ಬೋ. ಜ್ವಾಲೆ ಬಂದರೆ ಸದ್ದು ತಗ್ಗುತ್ತದೆ.

ಅಕ್ಟೋಬರಿನ ಆ ಎರಡು ದಿನ

ಲೆಕ್ಕ ಹೇಗೆ ಹಾಕುವುದು ಎಂಬುದಕ್ಕೆ ನನ್ನ ನೋಟುಪುಸ್ತಕದ ಪುಟವನ್ನೇ ಬಿಚ್ಚುತ್ತೇನೆ.

2024 ಅಕ್ಟೋಬರ್ 9, ಬುಧವಾರ. ಬೆಳಿಗ್ಗೆ 7:26ಕ್ಕೆ ಎಕ್ಸ್ 1.8. ಕಲೆ ಸೂರ್ಯಬಿಂಬದ ನಡುಭಾಗದಲ್ಲೇ ಇತ್ತು. ನಕ್ಷೆಯ ಗೆರೆ ಬೇಗ ಇಳಿಯಲಿಲ್ಲ. ಇಷ್ಟು ಕಂಡ ಮೇಲೆ ಸೋಹೋ ನೌಕೆಯ ಕರೋನಾ ಚಿತ್ರಗಳಿಗೆ ಕಾಯಬೇಕು. ಅದರಲ್ಲಿ ಸೂರ್ಯನನ್ನು ತಟ್ಟೆಯೊಂದರಿಂದ ಮುಚ್ಚಿ ಸುತ್ತಲಿನದನ್ನು ತೋರಿಸುತ್ತಾರೆ. ಮೋಡ ಒಂದೇ ಪಕ್ಕಕ್ಕೆ ಚಿಮ್ಮಿದರೆ ನಮಗಲ್ಲ. ತಟ್ಟೆಯ ಸುತ್ತಲೂ ಉಂಗುರದಂತೆ ಹರಡಿದರೆ ಅದು ನಮ್ಮ ಕಡೆಗೋ, ಅಥವಾ ನೇರ ಹಿಂದಕ್ಕೋ. ಜ್ವಾಲೆ ಈ ಬದಿಯಲ್ಲೇ ಕಂಡಿದ್ದರಿಂದ ಹಿಂದಕ್ಕೆ ಎನ್ನುವ ಮಾತಿಲ್ಲ. ಅವತ್ತು ಪೂರ್ತಿ ಉಂಗುರ. ಬೋಲ್ಡರಿನವರು ಜಿ4 ಎಚ್ಚರಿಕೆ ಹೊರಡಿಸಿದರು.

ಮುಟ್ಟುವ ಸಮಯಕ್ಕೆ ಕೈಲೆಕ್ಕ ಸಾಕು. ದೂರ 15 ಕೋಟಿ ಕಿಲೋಮೀಟರ್. ದಾರಿಯುದ್ದಕ್ಕೂ ಸೆಕೆಂಡಿಗೆ 1000 ಕಿಲೋಮೀಟರ್ ವೇಗ ಉಳಿಸಿಕೊಂಡರೆ 42 ಗಂಟೆ, 500 ಆದರೆ ಮೂರೂವರೆ ದಿನ. ವೇಗದ ಮೋಡಗಳು ಮುಂದಿರುವ ನಿಧಾನದ ಸೌರಮಾರುತಕ್ಕೆ (ಸೂರ್ಯನಿಂದ ಸದಾ ಹೊರಬೀಸುವ ಕಣಗಳ ಹರಿವು) ಸಿಕ್ಕಿ ದಾರಿಯಲ್ಲಿ ಸ್ವಲ್ಪ ನಿಧಾನವಾಗುತ್ತವೆ. ದೊಡ್ಡ ಕಂಪ್ಯೂಟರಿನಲ್ಲಿ ಓಡುವ ಎನ್ಲಿಲ್ ಮಾದರಿಯೂ ಸರಾಸರಿ ಹತ್ತು ಗಂಟೆ ಆಚೀಚೆ ತಪ್ಪುತ್ತದೆ, ಹಾಗಾಗಿ ನಿಮ್ಮ ಕೈಲೆಕ್ಕಕ್ಕೆ ನಾಚಿಕೆ ಬೇಡ. ನಾನು ಬರೆದದ್ದು "ಗುರುವಾರ ರಾತ್ರಿ, ಊಟದ ನಂತರ". ಬಂದದ್ದು ಗುರುವಾರ ರಾತ್ರಿ 8:45ಕ್ಕೆ, ಜ್ವಾಲೆಯಾದ 37 ಗಂಟೆಗೆ. ಮನೆಯವರೆಲ್ಲ ದಸರಾ ದೀಪ ನೋಡಲು ಹೋಗಿದ್ದರು. ನಾನು ಹೋಗಲಿಲ್ಲ, ಅದರ ಬಗ್ಗೆ ಇವತ್ತಿಗೂ ಮಾತು ಕೇಳುತ್ತಿದ್ದೇನೆ.

ಬಿಜೆಡ್ ಎಂಬ ಕೊನೆಯ ಗಂಟೆ

ಮೋಡ ಬರುವುದು ಗೊತ್ತು, ಸುಮಾರು ಹೊತ್ತೂ ಗೊತ್ತು. ಆದರೂ ಬಿರುಗಾಳಿ ಏಳುತ್ತದೋ ಇಲ್ಲವೋ ಗೊತ್ತಿಲ್ಲ. ಈ ವಿದ್ಯೆಯ ದೊಡ್ಡ ಕಗ್ಗಂಟು ಇದು. ಮೋಡದೊಳಗಿನ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ಎಲ್ಲ ನಿಂತಿದೆ, ಅದನ್ನು ದೂರದಿಂದ ಅಳೆಯಲು ಆಗುವುದಿಲ್ಲ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನಲ್ಲಿ ಕಾವಲು ನಿಂತ ನೌಕೆಗಳ ಮೇಲೆ ಮೋಡ ಹಾಯ್ದ ಮೇಲೆಯೇ ಗೊತ್ತಾಗುವುದು. ಸೌರಮಾರುತ ಸೆಕೆಂಡಿಗೆ 400 ಕಿಲೋಮೀಟರ್ ಇದ್ದರೆ ಅಲ್ಲಿಂದ ಇಲ್ಲಿಗೆ ಒಂದು ಗಂಟೆ, 800 ಇದ್ದರೆ ಅರ್ಧವೇ ಗಂಟೆ.

ಆ ನೌಕೆಗಳ ನಕ್ಷೆಯಲ್ಲಿ ಬಿಜೆಡ್ ಎಂಬ ಗೆರೆ ಇರುತ್ತದೆ, ಉತ್ತರ-ದಕ್ಷಿಣ ದಿಕ್ಕಿನ ಅಂಶ. ಭೂಮಿಯ ಹಗಲು ಬದಿಯ ಹೊರ ಅಂಚಿನಲ್ಲಿ ನಮ್ಮ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿರುತ್ತದೆ. ಬಂದದ್ದೂ ಉತ್ತರಮುಖಿಯಾದರೆ ತಳ್ಳಾಡಿಕೊಂಡು ಪಕ್ಕಕ್ಕೆ ಜಾರುತ್ತದೆ. ದಕ್ಷಿಣಮುಖಿಯಾದರೆ, ಅಂದರೆ ಬಿಜೆಡ್ ಮೈನಸ್‌ಗೆ ಇಳಿದರೆ, ಎರಡರ ಬಲರೇಖೆಗಳು ಬೆಸೆದುಕೊಂಡು ಶಕ್ತಿ ಒಳಗೆ ಹರಿಯುತ್ತದೆ. ನನ್ನ ಲೆಕ್ಕ ಹೀಗೆ: ಮೈನಸ್ 5 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲದ ಅತಿ ಚಿಕ್ಕ ಅಳತೆ) ಇದ್ದು ಇಲ್ಲದಂತೆ. ಮೈನಸ್ 10 ಮೂರು ಗಂಟೆ ನಿಂತರೆ ನಿಜವಾದ ಬಿರುಗಾಳಿ. ಎಷ್ಟು ಆಳಕ್ಕೆ ಇಳಿಯಿತು ಎಂಬುದರ ಜೊತೆಗೆ ಎಷ್ಟು ಹೊತ್ತು ನಿಂತಿತು ಎನ್ನುವುದೂ ಅಷ್ಟೇ ಮುಖ್ಯ. ಐದು ನಿಮಿಷ ಮೈನಸ್ 20 ಮುಟ್ಟಿ ವಾಪಸು ಬಂದರೆ ಏನೂ ಆಗದು.

ಮೇ 10ರ ರಾತ್ರಿ ಹತ್ತು ದಾಟಿ ಕೆಲವೇ ನಿಮಿಷಕ್ಕೆ ಎಲ್1ರ ಗೆರೆಗಳೆಲ್ಲ ಒಟ್ಟಿಗೆ ನೆಗೆದವು. ಅರ್ಧ ಗಂಟೆಯಲ್ಲಿ ಭೂಮಿಯ ಮೇಲಿನ ಕಾಂತಮಾಪಕಗಳೂ ನೆಗೆದವು. 2003ರ ಅಕ್ಟೋಬರ್ ನಂತರ ಮೊದಲ ಜಿ5 ಅದು. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಆಕಾಶದಂಚು ಧ್ರುವಪ್ರಭೆಯಿಂದ ಕೆಂಪಾಗಿ ಕಂಡಿತು. ಮರುದಿನ ನನಗೆ ಬಂದ ಫೋನುಗಳಲ್ಲಿ ಅರ್ಧ, ನಂದಿಬೆಟ್ಟದಿಂದ ಕಾಣುತ್ತದಾ ಎಂದು. ಇಲ್ಲಪ್ಪ, ಕಾಣುವುದಿಲ್ಲ.

ಇದರ ಉಲ್ಟಾ ಕತೆಯೂ ಇದೆ. ಒಂದು ಸಲ ಜಿ3 ಎಚ್ಚರಿಕೆ ನೋಡಿ ಹವ್ಯಾಸಿಗಳು ನಿಗದಿತ ಹೊತ್ತಿಗೆ ಸೇರಿ ಮಾತಾಡುವ ಬೆಳಗಿನ ರೇಡಿಯೊ ನೆಟ್‌ನಲ್ಲಿ ಎಲ್ಲರಿಗೂ ಡಂಗುರ ಸಾರಿದೆ. ಮೋಡ ಹೇಳಿದ ಹೊತ್ತಿಗೇ ಬಂತು, ವೇಗವೂ ಏರಿತು. ಬಿಜೆಡ್ ಮಾತ್ರ ಪ್ಲಸ್ 15ರಲ್ಲಿ ಧ್ಯಾನಕ್ಕೆ ಕೂತವರಂತೆ ಕೂತಿತು. ರಾತ್ರಿ ಎರಡರವರೆಗೆ ಎದ್ದಿದ್ದೆ. ಬೆಳಿಗ್ಗೆ ನೆಟ್‌ನಲ್ಲಿ ಹಿರಿಯರೊಬ್ಬರು "ಮೇಡಂ, ನಿಮ್ಮ ಬಿರುಗಾಳಿ ಬಸ್ ಮಿಸ್ ಮಾಡ್ಕೊಂಡ್ತಾ?" ಅಂದರು. ಈಗ ನಾನು "ಬರಬಹುದು, ಬಿಜೆಡ್ ನೋಡಿ ಹೇಳ್ತೀನಿ" ಎಂದಷ್ಟೇ ಹೇಳುತ್ತೇನೆ.

ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅದೇ ಬಿಂದುವಿನ ಸುತ್ತ ಸುತ್ತುತ್ತಿದೆ. ಎಕ್ಸ್-ಕಿರಣ ಅಳೆಯುವ ಅದರ ಎರಡು ಉಪಕರಣಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು, ಕರೋನಾ ನೋಡುವ ಕಣ್ಣು ಭಾರತೀಯ ಖಭೌತ ಸಂಸ್ಥೆಯದ್ದು. ಅದರ ದತ್ತಾಂಶವನ್ನು ನಾನು ಆಮೇಲೆ ನಿಧಾನವಾಗಿ ಕೂತು ನೋಡಲು ಬಳಸುತ್ತೇನೆ, ಆ ಕ್ಷಣದ ಕಾವಲಿಗೆ ಅಮೆರಿಕದ ಪುಟವೇ.

ಕೆಪಿ ಬಗ್ಗೆ ಎರಡು ಮಾತು. ಜಗತ್ತಿನ ಹಲವು ಕೇಂದ್ರಗಳ ಕಾಂತಮಾಪಕಗಳಿಂದ ಮೂರು ಗಂಟೆಗೊಮ್ಮೆ ತೆಗೆಯುವ ಅಂಕಿ ಅದು, 0ರಿಂದ 9. 5 ಆದರೆ ಜಿ1, 9 ಆದರೆ ಜಿ5. ನಮ್ಮ ಗಡಿಯಾರದಲ್ಲಿ ಅದರ ಜಾವಗಳು 5:30, 8:30, 11:30, 2:30 ಹೀಗೆ ಬರುತ್ತವೆ. ಗೋಡೆ ಗಡಿಯಾರದ ಪಕ್ಕ ಚೀಟಿ ಅಂಟಿಸಿದ್ದೇನೆ. ಆದರೆ ಕೆಪಿ ಲೆಕ್ಕದ ಕೇಂದ್ರಗಳು ಹೆಚ್ಚಿನವು ಉತ್ತರದ ಎತ್ತರದ ಅಕ್ಷಾಂಶದಲ್ಲಿವೆ. ನಮ್ಮಂಥವರಿಗೆ ಹತ್ತಿರದ್ದು ಜಪಾನಿನ ಕ್ಯೋಟೊದವರು ಕೊಡುವ ಡಿಎಸ್‌ಟಿ. ಸಮಭಾಜಕದ ಸುತ್ತ ಉಂಗುರದಂತೆ ಹರಿಯುವ ವಿದ್ಯುತ್ ಪ್ರವಾಹ ಭೂಕ್ಷೇತ್ರವನ್ನು ಎಷ್ಟು ಕುಗ್ಗಿಸಿತು ಎಂದು ಅದು ಹೇಳುತ್ತದೆ. ಮೈನಸ್ 100 ನ್ಯಾನೊಟೆಸ್ಲಾ ದಾಟಿದರೆ ಗಂಭೀರ. ಮೇ ತಿಂಗಳಲ್ಲಿ ಮೈನಸ್ 400ರ ಆಸುಪಾಸು ಮುಟ್ಟಿತು.

ರೋವರ್ ಫಿಕ್ಸ್ ಆಗ್ತಿಲ್ಲ

ನನ್ನ ಅಣ್ಣನ ಮಗ ಸರ್ವೆ ಕೆಲಸ ಮಾಡುತ್ತಾನೆ. ಅಳತೆಗೆ ಬಳಸುವ ಜಿಪಿಎಸ್ ರಿಸೀವರಿಗೆ ಅವರು ರೋವರ್ ಎನ್ನುತ್ತಾರೆ; ಸ್ಥಾನ ನಿಖರವಾಗಿ ಸಿಕ್ಕರೆ ಫಿಕ್ಸ್, ಅಂದಾಜಿನಲ್ಲೇ ತೂಗಾಡುತ್ತಿದ್ದರೆ ಫ್ಲೋಟ್. ಮಾರ್ಚ್ ತಿಂಗಳ ಒಂದು ಸಂಜೆ ಫೋನು.

"ಅತ್ತೆ, ರೋವರ್ ಫ್ಲೋಟ್‌ನಲ್ಲೇ ನಿಂತಿದೆ, ಫಿಕ್ಸ್ ಆಗ್ತಾನೇ ಇಲ್ಲ. ನಿಮ್ಮ ಸೂರ್ಯ ಏನಾದ್ರೂ ಮಾಡಿದ್ನಾ?"

"ಟೈಮೆಷ್ಟೋ ಈಗ? ಎಲ್ಲಿದ್ದೀಯ?"

"ಏಳೂವರೆ. ಹುಣಸೂರು ಹತ್ರ. ಎರಡು ಮೂಲೆ ಬಾಕಿ ಇದೆ, ಬೈಕ್ ಲೈಟ್ ಹಾಕ್ಕೊಂಡು ಮುಗಿಸೋಣ ಅಂತ."

"ಕೆಪಿ ಎರಡಿದೆ ಕಣೋ. ಸೂರ್ಯಂದೇನೂ ತಪ್ಪಿಲ್ಲ. ಮನೆಗೆ ಹೋಗಿ ಊಟ ಮಾಡು, ಬೆಳಿಗ್ಗೆ ಬಾ."

ಬೆಳಿಗ್ಗೆ ಹೋದ, ಕೂಡಲೇ ಫಿಕ್ಸ್ ಆಯಿತಂತೆ. ಅವನಿಗೆ ಅಡ್ಡಬಂದದ್ದು ಸಂಜೆಯ ಗುಳ್ಳೆಗಳು. ಭೂಮಿಯ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ಅಲ್ಲಿನ ಅಯಾನುಗೋಳದ ತಳದಿಂದ ತೆಳು ಪ್ಲಾಸ್ಮಾದ ಗುಳ್ಳೆಗಳು ಅನ್ನದ ಗಂಜಿ ಕುದಿಯುವಾಗ ಏಳುವ ಹಾಗೆ ಏಳುತ್ತವೆ, ಎರಡೂ ಬದಿಗೆ ಹರಡುತ್ತವೆ. ಅವುಗಳ ಮೂಲಕ ಬರುವ ಜಿಪಿಎಸ್ ಸಂಕೇತ ನಕ್ಷತ್ರದಂತೆ ಮಿನುಗುತ್ತದೆ, ರಿಸೀವರ್ ಹಿಡಿತ ತಪ್ಪುತ್ತದೆ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸೌರಕಲೆ ಹೆಚ್ಚಿರುವ ವರ್ಷಗಳಲ್ಲಿ, ಸಂಜೆ ಏಳರಿಂದ ನಡುರಾತ್ರಿವರೆಗೆ ಇದರ ಕಾಟ. ಇದಕ್ಕೆ ಬಿರುಗಾಳಿ ಬೇಕಿಲ್ಲ. ಬಿರುಗಾಳಿ ಕೆಲವೊಮ್ಮೆ ಗುಳ್ಳೆ ಎಬ್ಬಿಸುತ್ತದೆ, ಕೆಲವೊಮ್ಮೆ ಏಳದಂತೆ ಅದುಮಿಹಾಕುತ್ತದೆ. ಆದ್ದರಿಂದ ಸರ್ವೆಯವರಿಗೆ, ಡ್ರೋನ್ ಹಾರಿಸುವವರಿಗೆ ನನ್ನ ಸಲಹೆ: ಕೆಪಿ ಆ್ಯಪ್ ಅಳಿಸಿ, ಸೂಕ್ಷ್ಮ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ಮೇ ತಿಂಗಳ ಜಿ5ನಂಥದ್ದು ಬಂದರೆ ಮಾತು ಬೇರೆ. ಆಗ ಬಿತ್ತನೆಯ ಹೊತ್ತಿನಲ್ಲಿ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳೇ ಹೊಲದಲ್ಲಿ ನಿಂತುಬಿಟ್ಟಿದ್ದವು.

ಮನೆಯಲ್ಲೇ ಎರಡು ಉಪಕರಣ

ಪರದೆ ನೋಡಿ ಸಾಕಾದವರಿಗೆ ಇದು. ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನಿಂದ 19.8 ಕಿಲೋಹರ್ಟ್ಸ್‌ನಲ್ಲಿ ಹಗಲೂ ರಾತ್ರಿ ಪ್ರಸಾರವಾಗುವ ಸಂಕೇತವೊಂದಿದೆ. ಜ್ವಾಲೆ ಬಂದಾಗ ಅಯಾನುಗೋಳದ ತಳ ಕೆಳಗಿಳಿದು ಗಟ್ಟಿಯಾಗುತ್ತದೆ, ಈ ಸಂಕೇತದ ಬಲ ಸಾಮಾನ್ಯವಾಗಿ ಏರುತ್ತದೆ. ಅದನ್ನು ಹಿಡಿಯಲು ಒಂದು ಮೀಟರ್ ಚೌಕದ ಮರದ ಚೌಕಟ್ಟು ಮಾಡಿಸಿ, ಮೋಟಾರ್ ವೈಂಡಿಂಗ್ ಅಂಗಡಿಯಿಂದ ಎನಾಮಲ್ ತಂತಿ ತಂದು ಮೂವತ್ತು ಸುತ್ತು ಸುತ್ತಿದೆ. ತುದಿಗಳನ್ನು ಕಂಪ್ಯೂಟರಿನ ಮೈಕ್ ಕಿಂಡಿಗೆ ಕೊಟ್ಟೆ. ಸೌಂಡ್ ಕಾರ್ಡ್ ಸೆಕೆಂಡಿಗೆ 48 ಸಾವಿರ ಸಲ ಅಳೆದರೆ 24 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ, 19.8ಕ್ಕೆ ಸಾಕು. ಚೌಕಟ್ಟಿನ ಅಂಚು ಆಗ್ನೇಯಕ್ಕೆ ಇರಲಿ, ಮುಖವಲ್ಲ. ಸಂಕೇತದ ಬಲವನ್ನು ಐದು ಸೆಕೆಂಡಿಗೊಮ್ಮೆ ಬರೆದಿಡುವ ಉಚಿತ ತಂತ್ರಾಂಶಗಳು ಸಿಗುತ್ತವೆ.

ಮೊದಲ ವಾರ ನನಗೆ ದಿನಾ ಸಂಜೆ ಜ್ವಾಲೆ ಕಾಣುತ್ತಿತ್ತು! ಸರಿಯಾಗಿ ಏಳೂಕಾಲಿಗೆ ಏರಿಕೆ, ಇಪ್ಪತ್ತು ನಿಮಿಷ ಮಟ್ಟಸ, ಆಮೇಲೆ ಕತ್ತರಿಸಿದಂತೆ ಇಳಿತ. ಸೂರ್ಯ ಮುಳುಗಿದ ಮೇಲೆ ಜ್ವಾಲೆ ಹೇಗಮ್ಮಾ ಎಂದು ನನಗೇ ಹೊಳೆಯಲು ಮೂರು ದಿನ ಹಿಡಿಯಿತು. ಅದು ಪಕ್ಕದ ಮನೆಯ ದೋಸೆಹಿಟ್ಟಿನ ಗ್ರೈಂಡರ್. ನಿಜವಾದ ಜ್ವಾಲೆಯ ಗುರುತು ಬೇರೆ: ನಾಲ್ಕೈದು ನಿಮಿಷದಲ್ಲಿ ಕಡಿದಾಗಿ ಏರಿ, ಮುಕ್ಕಾಲು ಗಂಟೆ ಬಾಗಿ ಬಾಗಿ ಇಳಿಯುತ್ತದೆ, ಮೀನಿನ ಬೆನ್ನಿನ ರೆಕ್ಕೆಯ ಹಾಗೆ. ಅಕ್ಟೋಬರ್ 9ರ ಬೆಳಗಿನದು ಹಾಗೆಯೇ ಬಂತು. ಅಕ್ಟೋಬರ್ 3ರ ಎಕ್ಸ್ 9.0 ಮಾತ್ರ ಹೆಚ್ಚುಕಡಿಮೆ ಕಾಣಲೇ ಇಲ್ಲ. ನಮ್ಮಲ್ಲಿ ಬಿಸಿಲು ಇನ್ನೂ ಇದ್ದರೂ ಆಸ್ಟ್ರೇಲಿಯಾ ಕಡೆಯ ದಾರಿ ಆಗಲೇ ಕತ್ತಲಾಗಿತ್ತು. ಮುಂಗಾರು ಮುನ್ನದ ಗುಡುಗು ಮಿಂಚಿನ ದಿನಗಳಲ್ಲಿ ತಂತಿ ಕಿತ್ತಿಡಿ.

ಇನ್ನೊಂದು, ಕಾಂತಮಾಪಕ. ಗಾಜಿನ ಬಾಟಲಿಯೊಳಗೆ ದಾರದಲ್ಲಿ ಕಾಂತ ತೂಗಿಬಿಟ್ಟು, ಕನ್ನಡಿ ಅಂಟಿಸಿ, ಲೇಸರ್ ಬೆಳಕು ಬಿಟ್ಟು ನೋಡುವ ವಿಧಾನ ಎಲ್ಲ ಕಡೆ ಬರೆದಿದ್ದಾರೆ. ಅದು ದಿಕ್ಕು ತಿರುಗುವುದನ್ನು ತೋರಿಸುತ್ತದೆ. ಸ್ಕಾಟ್ಲೆಂಡಿಗೆ ಸರಿ. ನಮ್ಮಲ್ಲಿ ಬಿರುಗಾಳಿಗೆ ದಿಕ್ಕು ಅಷ್ಟಾಗಿ ತಿರುಗುವುದಿಲ್ಲ, ಉತ್ತರಮುಖಿ ಕ್ಷೇತ್ರದ ಬಲ ತಗ್ಗುತ್ತದೆ. ಎರಡು ತಿಂಗಳು ಬಾಟಲಿ ನೋಡಿ ಕಣ್ಣು ನೋಯಿಸಿಕೊಂಡ ಮೇಲೆ ಇದು ಹೊಳೆಯಿತು. ಆಮೇಲೆ ಆರ್‌ಎಂ3100 ಎಂಬ ಪುಟ್ಟ ಸಂವೇದಕ ತರಿಸಿದೆ. ಇಲ್ಲಿನ ಕ್ಷೇತ್ರ ಸುಮಾರು 40 ಸಾವಿರ ನ್ಯಾನೊಟೆಸ್ಲಾ; ನಿಮಿಷದ ಸರಾಸರಿ ತೆಗೆದರೆ ಅದರಲ್ಲಿ ಕೆಲವೇ ಹತ್ತುಗಳ ಏರಿಳಿತ ಕಾಣುತ್ತದೆ. ಬಿಸಿ ಏರಿದರೆ ಅಳತೆ ಜಾರುವುದರಿಂದ ಪಿವಿಸಿ ಪೈಪಿನಲ್ಲಿಟ್ಟು ತೆಂಗಿನ ಪಾತಿಯಲ್ಲಿ ಎರಡು ಅಡಿ ಆಳಕ್ಕೆ ಹೂತಿದ್ದೇನೆ. ಶಾಂತ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಗೆರೆ ಗುಡ್ಡದಂತೆ ಉಬ್ಬಿ ಇಳಿಯುತ್ತದೆ, ಸೂರ್ಯನ ಬಿಸಿಲಿಗೆ ಅಯಾನುಗೋಳದಲ್ಲಿ ಹರಿಯುವ ಪ್ರವಾಹ ಅದು. ಅಕ್ಟೋಬರ್ 10ರ ರಾತ್ರಿ ಮೊದಲು ಮೇಲಕ್ಕೊಂದು ನೆಗೆತ, ಆಮೇಲೆ ಬೆಳಗಿನವರೆಗೂ ಇಳಿಯಿತು, ಇಳಿಯಿತು, ಮುನ್ನೂರರ ಹತ್ತಿರ.

ನಡುವೆ ಒಂದು ಮೆಟ್ಟಿಲೂ ಇತ್ತು, ಅದು ದೀಪ ನೋಡಿ ಬಂದವರು ಸ್ಕೂಟರನ್ನು ತೆಂಗಿನಮರದ ಬುಡಕ್ಕೆ ನಿಲ್ಲಿಸಿದ್ದು. ಇದು ನನ್ನೊಬ್ಬಳ ಗೋಳಲ್ಲ. 1859ರ ಮಹಾ ಬಿರುಗಾಳಿಯಲ್ಲಿ ಕ್ಷೇತ್ರ ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದನ್ನು ದಾಖಲಿಸಿದ್ದು ಮುಂಬಯಿಯ ಕೊಲಾಬಾ ವೀಕ್ಷಣಾಲಯ. ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದಾಗ 1904ರಲ್ಲಿ ಆ ಕಾಂತಮಾಪಕಗಳನ್ನೇ ಎತ್ತಿ ಅಲಿಬಾಗಿಗೆ ಸಾಗಿಸಿದರು. ನನಗೆ ಅಲಿಬಾಗ್ ಇಲ್ಲದ್ದರಿಂದ ಸ್ಕೂಟರನ್ನೇ ಗೇಟಿನಾಚೆಗೆ ಸಾಗಿಸಿದ್ದಾಯಿತು.

ಇದೆಲ್ಲವನ್ನೂ ಬರೆದಿಡಿ. ನನ್ನ ಪುಸ್ತಕದಲ್ಲಿ ನಾಲ್ಕೇ ಕಲಂ: ಬೋಲ್ಡರ್ ಹೇಳಿದ್ದು, ನಾನು ಅಂದುಕೊಂಡದ್ದು, ಆದದ್ದು, ರೇಡಿಯೊದಲ್ಲಿ ಕಂಡದ್ದು. ಮೂರು ತಿಂಗಳಲ್ಲಿ ನಿಮ್ಮ ಊರಿನ ಸ್ವಭಾವ ಗೊತ್ತಾಗುತ್ತದೆ. ಬಿರುಗಾಳಿಯ ದಿನ ನನಗೆ ಅಮೆರಿಕ ಸಿಗುವುದಿಲ್ಲ, ದಾರಿ ಧ್ರುವದ ಹತ್ತಿರ ಹೋಗುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಏನೂ ಆಗದವರಂತೆ ಸಿಗುತ್ತವೆ.

ಕೊನೆಯದಾಗಿ ಕರೋನಾದ ಕಿಂಡಿಗಳು. ಎಸ್‌ಡಿಒ ಚಿತ್ರಗಳಲ್ಲಿ ಕಪ್ಪು ಬಯಲಿನಂತೆ ಕಾಣುವ ಅವುಗಳಿಂದ ವೇಗದ ಸೌರಮಾರುತ ಬೀಸುತ್ತದೆ, ಸಣ್ಣ ಬಿರುಗಾಳಿ ಎಬ್ಬಿಸುತ್ತದೆ. ಸೂರ್ಯ ಒಂದು ಸುತ್ತು ಬಂದರೆ ಅದೇ ಕಿಂಡಿ ಮತ್ತೆ ಎದುರಿಗೆ. ಮುನ್ಸೂಚನೆಯಲ್ಲಿ ಇದಕ್ಕಿಂತ ಸುಲಭದ್ದಿಲ್ಲ: ಅವತ್ತಿನಿಂದ 27 ದಿನ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ಹಾಲಿನ ಲೆಕ್ಕದ ನಡುವೆ ಹಸಿರು ಪೆನ್ಸಿಲಿನ ಸುತ್ತುಗಳಿವೆ. ಕೆಲಸಕ್ಕೆ ಬರುವ ಹುಡುಗಿ ಮೊನ್ನೆ ಕೇಳಿದಳು, "ಅಮ್ಮಾ, ಈ ಹಸಿರು ದಿನ ನೀವು ಯಾವ ದೇವ್ರಿಗೆ ಉಪವಾಸ ಇರೋದು?"